ಎದುರು ಮನೆ ಮುಂದೆ ನಿಂತ ಜೀಪು

ಬ್ಯಾಂಕಿನ ಜೀಪು ಕಾಮಗೆರೆಯ ಬೀದಿಗೆ ತಿರುಗಿತೆಂದರೆ ಚನ್ನಬಸವ ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಹಿತ್ತಿಲಿನಿಂದ ಒಳಬಂದು ಉಸಿರು ಬಿಗಿಹಿಡಿದು ಕೂರುತ್ತಿದ್ದ. ಮಗಳು ಭವ್ಯಳ ನರ್ಸಿಂಗ್ ಓದಿಗೆ ಮಾಡಿದ ಸಾಲ ಬಡ್ಡಿ ಸೇರಿ ಆರು ಲಕ್ಷ ಮುಟ್ಟಿತ್ತು. ಅವಳ ಸಂಬಳ ಹನ್ನೊಂದು ಸಾವಿರ. ನೋಟೀಸಿಗೆ ಸಹಿ ಹಾಕದಿದ್ದರೆ ಬ್ಯಾಂಕಿನವರು ಏನೂ ಮಾಡಲಾರರು ಎಂಬುದು ಅವನೇ ಕಂಡುಹಿಡಿದ ಕಾನೂನು. ಮಗಳ ಕೆಲಸ ಖಾಯಂ ಆಗುವವರೆಗೆ ಹೀಗೇ ತಳ್ಳಿದರೆ ಸಾಕಿತ್ತು.

ಆ ಸೋಮವಾರ ಜೀಪು ಅವನ ಬೀಗವನ್ನು ತಿರುಗಿಯೂ ನೋಡದೆ ಎದುರಿನ ವೃಷಭೇಂದ್ರಪ್ಪನ ಜಗಲಿ ಮುಂದೆ ನಿಂತಿತು. ಅವನೂ ಮಗನ ಇಂಜಿನಿಯರಿಂಗಿಗೆ ಸಾಲ ಮಾಡಿದವನೇ, ಕಂತು ಕಟ್ಟದವನೇ. ಚನ್ನಬಸವ ಕಿಟಕಿ ಸಂದಿಯಿಂದ ನೋಡುತ್ತಾನೆ, ಮ್ಯಾನೇಜರ್ ಕಾಫಿ ಕುಡಿಯುತ್ತಿದ್ದಾರೆ. ನಿಪ್ಪಟ್ಟೂ ಬಂತು. ಒಂದು ಕಾಗದ ಕೈ ಬದಲಾಯಿತು. ಆಮೇಲೆ ಇಬ್ಬರೂ ನಕ್ಕರು. ಆ ನಗು ನೋಡಿ ಚನ್ನಬಸವನ ಹೊಟ್ಟೆಗೆ ಬೆಂಕಿ ಬಿತ್ತು.

“ಅವುನ್ ಸಾಲ ಮನ್ನಾ ಆಯ್ತು ಕಣಮ್ಮಿ. ಇಲ್ದಿದ್ರೆ ಯಾಕ್ ನಗ್ತಾನೆ?” ಎಂದ.

ಜೀಪು ಹೊರಟ ಮೇಲೆ ಹೆಂಡತಿ ಶಿವರತ್ನಮ್ಮ ಹೋಗಿ ವಿಚಾರಿಸಿ ಬಂದಳು. ವೃಷಭೇಂದ್ರಪ್ಪ ಬಾಯಿ ಬಿಡಲಿಲ್ಲವಂತೆ. ಕೊಳ್ಳೇಗಾಲದ ಬ್ಯಾಂಕಿಗೆ ಹೋದರೆ ಎಲ್ಲ ಗೊತ್ತಾಗುತ್ತದೆ, ಆದರೆ ಇವತ್ತೇ ಕೊನೆ ದಿನ ಎಂದಷ್ಟೇ ಹೇಳಿ, ಅವಳ ಕೈಗೂ ಒಂದು ನಿಪ್ಪಟ್ಟು ಇಟ್ಟನಂತೆ. ಆ ನಿಪ್ಪಟ್ಟು ಕಂಡ ಮೇಲಂತೂ ಚನ್ನಬಸವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಹನೂರಿನಿಂದ ಬಂದ ಬಸ್ಸಿನಲ್ಲಿ ಟೊಮೆಟೊ ಕ್ರೇಟುಗಳ ನಡುವೆ ಒಂಟಿ ಕಾಲಲ್ಲಿ ನಿಂತು ಹೋದ. ಇಳಿಯುವ ನೂಕಾಟದಲ್ಲಿ ಒಂದು ಚಪ್ಪಲಿ ಬಸ್ಸಿನಲ್ಲೇ ಉಳಿಯಿತು. ಉಳಿದೊಂದರಲ್ಲೇ ಬ್ಯಾಂಕು ಹೊಕ್ಕ.

“ವೃಷಭೇಂದ್ರಪ್ಪಂಗೆ ಕೊಟ್ಟಿದ್ನೇ ನಂಗೂ ಕೊಡಿ ಸಾ. ಅವುನ್ಗಿಂತ ನಾನೇನ್ ಕಮ್ಮಿ?”

ಮ್ಯಾನೇಜರ್ ಅಳಿಯನನ್ನು ಕೂರಿಸುವಂತೆ ಕೂರಿಸಿ, ಒಂದು ಕಾಗದ ಮುಂದಿಟ್ಟರು. ಚನ್ನಬಸವ ಸಹಿ ಹಾಕಿದ. ಆಮೇಲೆ ಓದಿದ. ತಿಂಗಳೊಳಗೆ ಬಾಕಿ ಕಂತು ಕಟ್ಟದಿದ್ದರೆ ಕೋರ್ಟು ಎಂಬ ನೋಟೀಸು.

“ಅವರಿಗೆ ಕೊಟ್ಟಿದ್ದೂ ಇದೇ,” ಎಂದರು ಮ್ಯಾನೇಜರ್. “ನೀವು ಆರು ತಿಂಗಳಿಂದ ಸಿಗಲಿಲ್ಲ. ‘ಜೀಪು ಅರ್ಧ ಗಂಟೆ ನಮ್ಮನೆ ಮುಂದೆ ನಿಲ್ಲಲಿ, ಅವನೇ ಓಡಿ ಬರ್ತಾನೆ’ ಅಂತ ವೃಷಭೇಂದ್ರಪ್ಪನವರೇ ಅಂದ್ರು. ಅದಕ್ಕೇ ಅವರಿಗೆ ಮೂರು ತಿಂಗಳು ಹೆಚ್ಚಿಗೆ ಗಡುವು ಕೊಟ್ವಿ.”

ಚನ್ನಬಸವನಿಗೆ ಕೋರ್ಟಿಗಿಂತ ಆ ಮೂರು ತಿಂಗಳೇ ಹೆಚ್ಚು ಉರಿಯಿತು. ಕುರ್ಚಿ ಮುಂದಕ್ಕೆಳೆದು ದನಿ ತಗ್ಗಿಸಿದ.

“ನಾಳೆ ಜೀಪ ನಮ್ಮನೆ ಮುಂದೆ ನಿಲ್ಸಿ ಸಾ. ನಮ್ ಬೀದೀಲಿ ಇನ್ನೂ ಯಾರ್ಯಾರು ಬೀಗ ಆಕ್ತಾರೆ ಅಂತ ನಂಗೊತ್ತು. ಕಾಪಿ, ನಿಪ್ಪಟ್ಟು ನಂದು.”

ಮ್ಯಾನೇಜರ್ ಪಟ್ಟಿಯ ಮೇಲೆ ಬೆರಳಾಡಿಸಿ ಫೈಲು ಮುಚ್ಚಿದರು.

“ಎಲ್ಲರದ್ದೂ ಸಹಿ ಆಯ್ತು. ನಿಮ್ಮ ಬೀದಿಗೆ ನೀವೇ ಕೊನೆ.”