ಗೋಡೆ ದಾಟಿದ ತೊಂಡೆಬಳ್ಳಿ

ಸೋಮಾರಿಗಳಿಗೆ ಹೇಳಿ ಮಾಡಿಸಿದ ತರಕಾರಿ ಎಂದರೆ ತೊಂಡೆ. ಬದನೆ, ಬೆಂಡೆಗಳಿಗೆ ಪ್ರತಿ ವರ್ಷ ಬೀಜ ಹುಡುಕಬೇಕು, ಮಡಿ ಮಾಡಬೇಕು, ಅವು ಹುಟ್ಟಲಿಲ್ಲವೆಂದು ಚಿಂತೆ ಮಾಡಬೇಕು. ತೊಂಡೆ ಹಾಗಲ್ಲ. ಒಂದು ತುಂಡು ಬಳ್ಳಿ ಊರಿ, ಮೇಲೊಂದು ಚಪ್ಪರ ಹಾಕಿಬಿಟ್ಟರೆ ವರ್ಷಾನುಗಟ್ಟಲೆ ಕಾಯಿ ಬಿಡುತ್ತಲೇ ಇರುತ್ತದೆ. ಶಲವಡಿಯ ನಮ್ಮ ಹಿತ್ತಲಲ್ಲಿ ಅದನ್ನು ಹಚ್ಚಿದವನು ನಾನೇ. ಹಚ್ಚಿದ್ದು ಕಾಯಿಗಾಗಿ, ಉಳಿಸಿಕೊಳ್ಳಲು ಹೆಣಗಿದ್ದು ಮಾತ್ರ ಬೇರೆಯದಕ್ಕಾಗಿ.

ನನಗೆ ಸಕ್ಕರೆ ಕಾಯಿಲೆ. ಅದು ಗೊತ್ತಾದ ದಿನವೇ ನನ್ನ ಹೆಂಡತಿ ಬೆಲ್ಲದ ಡಬ್ಬಿಯನ್ನು ನನ್ನ ಕೈಗೆಟುಕದ ಕಡೆ ಇಟ್ಟಳು. "ಸಕ್ರಿ ಇದ್ದವ್ರಿಗೆ ತೊಂಡಿಕಾಯಿ ಭಾಳ ಛಲೋ ಅಂತ್ರಿ, ತಿನ್ರಿ" ಎಂದು ದಿನವೂ ಬಡಿಸತೊಡಗಿದಳು. ಪಲ್ಯ, ಎಣ್ಣೆಗಾಯಿ, ಚಟ್ನಿ, ಮತ್ತೆ ಪಲ್ಯ. ಆದರೂ ಬಳ್ಳಿ ಸೋಲಲಿಲ್ಲ. ಮಿಕ್ಕ ಕಾಯಿಯನ್ನು ಒಂದು ಬೋಗುಣಿಯಲ್ಲಿ ತುಂಬಿ, ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯ ರಾಜಮಾಳಿಗೆ ಕೊಡುವುದು ರೂಢಿಯಾಯಿತು.

ನಮ್ಮ ಕಡೆ ಇನ್ನೊಬ್ಬರ ಮನೆಯ ಬೋಗುಣಿಯನ್ನು ಬರಿದೇ ಮರಳಿಸುವುದಿಲ್ಲ. ನನ್ನ ಪುಣ್ಯ, ರಾಜಮಾಳ ಕೈ ಧಾರಾಳ. ತೊಂಡೆಕಾಯಿ ಹೊತ್ತು ಹೋದ ಬೋಗುಣಿ ಒಮ್ಮೆ ಶ್ಯಾವಿಗೆ ಪಾಯಸ, ಒಮ್ಮೆ ಕರ್ಜಿಕಾಯಿ ಹೊತ್ತು ಬರುತ್ತಿತ್ತು. ಮೊಹರಮ್ಮಿನಲ್ಲಂತೂ ಬೆಲ್ಲದ ಚೊಂಗೆ. ಪ್ರೀತಿಯಿಂದ ಕಳಿಸಿದ್ದನ್ನು ಚೆಲ್ಲಬಾರದೆಂದು ನಾನು ಹೆಂಡತಿಗೆ ತಿಳಿಹೇಳುತ್ತಿದ್ದೆ. ಅವಳು ಗೊಣಗಿ, ಒಂದಿಷ್ಟು ನನ್ನ ತಾಟಿಗೆ ಹಾಕುತ್ತಿದ್ದಳು. ನನ್ನ ಬಾಳಿನಲ್ಲಿ ಉಳಿದಿದ್ದ ಸಿಹಿ ಅದೊಂದೇ. ಬಳ್ಳಿಗೆ ನಾನು ಬೆಳಿಗ್ಗೆ ಸಂಜೆ ನೀರು ಹಾಕುವುದನ್ನು ಕಂಡು ಓಣಿಯವರು ನನ್ನನ್ನು ಕೃಷಿಪ್ರೇಮಿ ಎಂದುಕೊಂಡಿದ್ದರು.

ಒಂದು ಬೇಸಿಗೆಯಲ್ಲಿ ರಾಜಮಾ ಗೋಡೆಯಾಚೆಯಿಂದ ಕೇಳಿದಳು: "ಅಣ್ಣಾರ, ನಮಗೂ ಒಂದ್ ತುಂಡ ಬಳ್ಳಿ ಕೊಡ್ರಿ. ಎಷ್ಟಂತ ನಿಮ್ಮ ಕಡೆ ಇಸ್ಕೊಳ್ಳೂದು?"

ಅವರ ಹಿತ್ತಲಲ್ಲೇ ತೊಂಡೆ ಬೆಳೆದರೆ ನಮ್ಮ ಬೋಗುಣಿ ಅತ್ತ ಹೋಗುವುದೆಂತು, ತುಂಬಿ ಬರುವುದೆಂತು? "ಈಗ ಬ್ಯಾಡವಾ, ಬಿಸಲ ಭಾಳ ಐತಿ. ಮಿರಗ ಕೂಡ್ಲಿ" ಎಂದೆ. ಮಿರಗದ ಮಳೆ ಬಂತು. ಎರಿ ಮಣ್ಣು ನೀರು ಹಿಡಿದಿದೆ, ಬಳ್ಳಿ ಕೊಳೆಯುತ್ತದೆ ಎಂದೆ. ಮಣ್ಣು ಆರಿತು. ಆರಿದ್ದು ಜಾಸ್ತಿಯಾಯಿತು ಎಂದೆ. ಹೊಲದಲ್ಲೇ ಹುಟ್ಟಿ ಬೆಳೆದ ರಾಜಮಾ ಮರ್ಯಾದೆಗೆ ತಲೆಯಾಡಿಸಿದಳು.

ನನ್ನ ಹೆಂಡತಿ ಆಡಿಸಲಿಲ್ಲ. "ತುಂಡ ಬಳ್ಳಿ ಕೊಡಾಕ ಪಂಚಾಂಗ ನೋಡ್ತಾರೇನ್ರಿ?" ಎಂದವಳೇ ಕುಡುಗೋಲು ತಂದು ಕತ್ತರಿಸಿ, ಗೋಡೆಯ ಮೇಲಿಂದ ದಾಟಿಸಿಬಿಟ್ಟಳು. ಹಾಳಾದ ಬಳ್ಳಿ ಅಲ್ಲಿ ನಮ್ಮಲ್ಲಿಗಿಂತ ಚೆನ್ನಾಗಿ ಹಬ್ಬಿತು. ಅದು ಕಾಯಿ ಬಿಟ್ಟ ವಾರವೇ ಇವಳು ನಮ್ಮದನ್ನು ಬೇರು ಸಮೇತ ಅಗೆದು ಹಾಕಿದಳು. "ಬಾಜೂಕ ಇದ್ದಮ್ಯಾಲ ನಮ್ಮಲ್ಲೊಂದು ಯಾಕ್ರಿ? ಬೇಕಾದಾಗ ಇಸ್ಕೊಂಡ್ರಾತು. ಇಲ್ಲಿ ಮಲ್ಲಿಗಿ ಹಚ್ಚತೀನಿ."

ಈಗ ಬೋಗುಣಿ ರಾಜಮಾಳದು. ಅದು ವಾರವಾರ ತೊಂಡೆಕಾಯಿ ತುಂಬಿಕೊಂಡು ಬರುತ್ತದೆ. ಬರಿದೇ ಮರಳಿಸುವಂತಿಲ್ಲವಲ್ಲ! "ಅವ್ರು ಇಷ್ಟ ದಿನ ಸಿಹಿ ಕಳಿಸ್ಯಾರ. ನಾವು ಜ್ವಾಳ ಹಾಕಿ ಕಳಿಸಾಕ ಬರತೈತೇನು?" ಎಂದು ನನ್ನ ಹೆಂಡತಿ ಬೆಲ್ಲದ ಡಬ್ಬಿ ಇಳಿಸಿ, ಶೇಂಗಾ ಹೋಳಿಗೆ ಬೇಯಿಸಿ, ಬಿಸಿಬಿಸಿಯಾಗಿ ಗೋಡೆ ದಾಟಿಸುತ್ತಾಳೆ. ನಮ್ಮ ಮನೆಯಲ್ಲೇ ಮಾಡಿದ್ದಕ್ಕೆ "ಪ್ರೀತಿಯಿಂದ ಕಳಿಸಿದ್ದು" ಎಂಬ ವಾದ ನಡೆಯುವುದಿಲ್ಲ. ನನ್ನ ಪಾಲಿಗೆ ವಾಸನೆ ಮಾತ್ರ. ನಿಜ ಹೇಳುತ್ತೇನೆ, ಹೊಟ್ಟೆ ಉರಿಯುತ್ತದೆ.

ಮೊನ್ನೆ ರಾಜಮಾಳ ಗಂಡ ದಾದಾಪೀರ ಬಳ್ಳಿಗೆ ನೀರು ಹಾಕುತ್ತಿದ್ದ. ಬೆಳಿಗ್ಗೆಯೂ ಹಾಕಿದ್ದನ್ನು ನಾನು ನೋಡಿದ್ದೆ. ನನ್ನನ್ನು ಕಂಡು ಬಾಯಿ ಒರೆಸಿಕೊಂಡು, "ಹೋಳಿಗಿ ಅಗದಿ ಮಸ್ತ್ ಆಗಿದ್ವುರಿ ಸರ. ಅಂದಂಗ, ಈ ಬಳ್ಳಿ ಎಷ್ಟ ವರ್ಷ ಬಾಳತೈತ್ರಿ?" ಎಂದ.

"ನೀರ ಹಾಕ್ತಾ ಇರ್ರಿ, ವರ್ಷಾನಗಟ್ಲೆ ಬಿಡತೈತಿ" ಎಂದೆ. ಒಳಗಿನಿಂದ ಹೆಂಡತಿ ಊಟಕ್ಕೆ ಕರೆದಳು. ಏನು ಪಲ್ಯವೆಂದು ನಾನು ಕೇಳಲಿಲ್ಲ.