ಲಾಲಸಾಬ ಮಾಸ್ತರರ ಪದದಲ್ಲೊಂದು ಸೀನು

ತಿಕೋಟಾದ ಟೇಲರ್ ಮಲಕಾರೆಪ್ಪನ ಮಾನ ಕಳೆದದ್ದು ಒಂದು ಸೀನು. ಅದೂ, ಅವನ ಮಾತು ನಂಬುವುದಾದರೆ, ಅವನು ಸೀನದೇ ಇದ್ದ ಸೀನು. ನಂಬುವವರು ಮಾತ್ರ ಊರಲ್ಲಿ ಒಬ್ಬರೂ ಇರಲಿಲ್ಲ, ಹೆಂಡತಿ ರೇಣವ್ವನೂ ಸೇರಿ.

ಲಾಲಸಾಬ ಮಾಸ್ತರರೆಂದರೆ ಊರಿಗೆ ಊರೇ ಜೀವ ಬಿಡುತ್ತಿತ್ತು. ಮಠದಲ್ಲಿ ತತ್ವಪದ, ಮೊಹರಮ್ಮಿಗೆ ರಿವಾಯತದ ಹಾಡು, ಎರಡಕ್ಕೂ ಅದೇ ಕಂಠ, ಅದೇ ಹಳೆಯ ಹಾರ್ಮೋನಿಯಂ. ಪಾಲಿಗಾಗಿ ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿದ ಮನೆಗೆ ಕರೆಯದೇ ಹೋಗಿ ಅಂಗಳದಲ್ಲಿ ಕೂತು ಹಾಡುತ್ತಿದ್ದರು. ಪದ ಮುಗಿಯುವ ಹೊತ್ತಿಗೆ ಇಬ್ಬರೂ ಕಣ್ಣೊರೆಸಿಕೊಂಡು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಆದರೆ ಯಂತ್ರದ ಮುಂದೆ ಹಾಡುವುದಿಲ್ಲವೆಂಬುದು ಅವರ ಹಟ. "ಡಬ್ಬಿ ಮುಂದ ಹಾಡಿದ್ರ ಅದು ತಲಿ ದೂಗತೈತೇನು?" ಎನ್ನುತ್ತಿದ್ದರು. ಹಾಗಾಗಿ ಅವರು ತೀರಿಕೊಂಡ ಮೇಲೆ ಉಳಿದದ್ದು ಒಂದೇ ಒಂದು ಪದ, ಮಠದ ಅಂಗಳದಲ್ಲಿ ಯಾರೋ ಕದ್ದು ಕ್ಯಾಸೆಟ್ಟಿಗೆ ಹಿಡಿದದ್ದು.

ಆ ಪದದಲ್ಲಿ ಮಾಸ್ತರರು ದನಿಯನ್ನು ಏರಿಸಿ ಏರಿಸಿ, ಕೇಳುವವರೆಲ್ಲ ಉಸಿರು ಬಿಗಿಹಿಡಿದ ಹೊತ್ತಿಗೆ, "ಆ... ಕ್ಷೀ!" ಎಂದು ಟ್ರ್ಯಾಕ್ಟರಿನ ಟೈರು ಒಡೆದಂಥ ಸೀನು. ಆಮೇಲೆ ಮಾಸ್ತರರು ಹೊಟ್ಟೆ ತುಂಬ ನಕ್ಕು, "ಆತೇನಪಾ ಮಲಕಾರಿ? ಮುಂದ ಹೋಗ್ಲ್ಯಾ?" ಎಂದು ಕೇಳಿ ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ.

ಮಲಕಾರೆಪ್ಪ ಅಂದು ಮುಂದಿನ ಸಾಲಿನಲ್ಲಿ ಕೂತಿದ್ದ, ಅಷ್ಟೇ. ಸೀನು ಬೆನ್ನ ಹಿಂದಿನಿಂದ ಬಂತೆಂದು ಅಂದಿನಿಂದ ಹೇಳುತ್ತಲೇ ಇದ್ದ. ಮಾಸ್ತರರೇ ಹೆಸರು ಹಿಡಿದು ಕೇಳಿದ ಮೇಲೆ ಯಾರು ಒಪ್ಪುತ್ತಾರೆ? ಪದ ಮೊಬೈಲಿಗೆ ಬಂದ ಮೇಲಂತೂ ಅವನ ಹೆಸರು ಎಲ್ಲರ ಕಿಸೆ ಸೇರಿತು. ಬಸ್ಸಿನ ಕಂಡಕ್ಟರು ಕೂಡ "ಆತೇನಪಾ ಮಲಕಾರಿ?" ಎಂದೇ ಟಿಕೆಟ್ ಕೊಡುತ್ತಿದ್ದ.

ಇವತ್ತು ಸಂಜೆ ಮಠದ ಅಂಗಳದಲ್ಲಿ ಮಾಸ್ತರರ ನೆನಪಿನ ಕಾರ್ಯಕ್ರಮ. ಇವತ್ತೇ ಬಬಲೇಶ್ವರದ ದ್ರಾಕ್ಷಿ ತೋಟದ ಶಿವಗೊಂಡಪ್ಪನವರು ತಮ್ಮ ಮಗನಿಗೆ ಮಲಕಾರೆಪ್ಪನ ಮಗಳು ಭಾಗ್ಯಾಳನ್ನು ನೋಡಲು ಬರುವವರು. "ಮೊದಲ ಕಾರ್ಯಕ್ರಮ ಕೇಳ್ತೀವಿ, ಆಮ್ಯಾಲ ಮನಿಗೆ ಬರ್ತೀವಿ" ಎಂದು ಹೇಳಿ ಕಳಿಸಿದ್ದರು.

"ಬೀಗರ ಮುಂದ ನನ್ನ ಸೀನು ಸ್ಪೀಕರದಾಗ ಬಾರಿಸಿದ್ರ ಮಗಳನ್ನ ಯಾರು ಮಾಡ್ಕೋತಾರ?" ಎಂದು ಮುಂಜಾನೆಯೇ ತಲೆ ಚಚ್ಚಿಕೊಂಡ ಮಲಕಾರೆಪ್ಪ.

"ಸೀನಿದಾಂವ ನೀವಲ್ಲಂತಿದ್ರಿ?" ರೇಣವ್ವ ಕೇಳಿದಳು.

"ನಾ ಅಲ್ಲಬೇ. ಆದ್ರ ಹೆಸರು ನಂದೈತಲ್ಲ!"

ಕೂಡಲೇ ಮಲಕಾರೆಪ್ಪ ಕಾರ್ಯಕ್ರಮದ ಅಧ್ಯಕ್ಷ ಸಂಗಣ್ಣನ ಹೋಟೆಲಿಗೆ ಓಡಿದ. "ದನಿ ಗರಗರ ಅಂತೈತಿ. ವಿಜಯಪುರಕ್ಕ ಒಯ್ದು ಸ್ವಚ್ಛ ಮಾಡಿಸ್ಕೊಂಡು ಬರ್ತೀನಿ" ಎಂದು ಪದವಿದ್ದ ಪೆನ್‌ಡ್ರೈವ್ ಇಸಿದುಕೊಂಡ. ಬಸ್ಸು ಹತ್ತಿ ನೋಡಿದರೆ ಪಕ್ಕದ ಸೀಟಿನಲ್ಲಿ ನೆರೆಮನೆಯ ಗುರುಸಿದ್ದವ್ವ. ಊರಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಅವಳಿಗೆ.

"ನಾನೂ ಬರ್ತೀನಿ ತಮ್ಮಾ. ಪದಾ ಹೆಂಗ ತೊಳೀತಾರ ನೋಡಬೇಕು" ಎಂದು ನಶ್ಯದ ಡಬ್ಬಿ ತೆಗೆದಳು.

ವಿಜಯಪುರದಲ್ಲಿ ಇಳಿದು, ಅವಳನ್ನು ಸಿದ್ಧೇಶ್ವರ ಗುಡಿಯ ಹತ್ತಿರ ಬಳೆ ಅಂಗಡಿಗೆ ಸಾಗಹಾಕಿ, ಮಲಕಾರೆಪ್ಪ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದ ಅಜರುದ್ದೀನನ ಅಂಗಡಿ ಹೊಕ್ಕ. ಮದುವೆ ವಿಡಿಯೋ ಕತ್ತರಿಸಿ ಜೋಡಿಸುವ ಅಜರುದ್ದೀನ ಅವನ ಹೆಸರು ಬರೆದುಕೊಂಡು ಪದ ಹಚ್ಚಿ ಕೇಳಿದ. ಸೀನು ಬಂದದ್ದೇ ಕುರ್ಚಿ ಬಿಟ್ಟು ಎದ್ದ.

"ಯಪ್ಪಾ! ಆ ಮಲಕಾರಿ ನೀವ ಏನ್ರಿ? ನಿಖತ, ಬಾ ಇಲ್ಲೆ, ಸೀನಿನವರು ಬಂದಾರ!"

ಒಳಗಿನಿಂದ ಅವನ ಹೆಂಡತಿ ಬಂದಳು, ಬಾಜೂ ಅಂಗಡಿಯವರೂ ಬಂದರು. ಎಲ್ಲರೂ ಫೋಟೋ ತೆಗೆಸಿಕೊಂಡರು. ಮಲಕಾರೆಪ್ಪನ ಮುಖ ಔಡಲೆಣ್ಣೆ ಕುಡಿದವನಂತಾಯಿತು.

"ಆ ಸೀನು ತಗದ ಹಾಕ್ರಿ" ಎಂದ ಮೆಲ್ಲಗೆ.

"ಸೀನು ತಗದ್ರ ನಗೂನೂ ಹೋಗತೈತ್ರಿ. ಎರಡೂ ಕೂಡ್ಯಾವ."

"ಹೋಗ್ಲಿ, ಎಲ್ಲಾ ಹೋಗ್ಲಿ!"

ಕೆಲಸ ಮುಗಿಯುವಷ್ಟರಲ್ಲಿ ಗುರುಸಿದ್ದವ್ವ ಬಳೆ ಝಣಗುಡಿಸುತ್ತ ಬಂದೇಬಿಟ್ಟಳು. ದೂಳು ತೆಗೆಸಿದೆ ಎಂದು ಮಲಕಾರೆಪ್ಪ ಸುಳ್ಳು ಹೇಳಿದ್ದೇ ತಡ, ಅವಳು ಊರಿಗೆ ಫೋನು ಹಚ್ಚಿದಳು. "ಮಲಕಾರಿ ತನ್ನ ಕೈಲೆ ಖರ್ಚು ಮಾಡಿ ಮಾಸ್ತರ ಪದಾ ತೊಳಸ್ಯಾನ ನೋಡ್ರಿ, ಎಂಥಾ ಭಕ್ತಿ!"

ಕಾರ್ಯಕ್ರಮದಲ್ಲಿ ಹಿಂದಿನ ಮೂಲೆಗೆ ಅಡಗಿ ಕೂರಬೇಕೆಂದಿದ್ದ ಮಲಕಾರೆಪ್ಪನನ್ನು ಊರಿನ ಬಸ್ ನಿಲ್ದಾಣದಲ್ಲೇ ಹಾರ ಹಾಕಿ ಎಳೆದೊಯ್ದರು. ವೇದಿಕೆಯ ಮೇಲೆ, ಮಾಸ್ತರರ ಹೆಂಡತಿ ಮುಮತಾಜಮ್ಮನ ಪಕ್ಕದಲ್ಲೇ ಕೂರಿಸಿದರು. ಎದುರಿಗೆ ಮೊದಲ ಸಾಲಿನಲ್ಲಿ ದಪ್ಪ ಮೀಸೆಯ ಶಿವಗೊಂಡಪ್ಪನವರು. ಮಲಕಾರೆಪ್ಪ ಕೈ ಮುಗಿದ. ಅವರು ನಗಲಿಲ್ಲ.

ಮೈಕಿನ ಫಯಾಜ ಪದ ಹಚ್ಚಿದ. ಮಾಸ್ತರರ ದನಿ ಮಠದ ಗೋಡೆ ದಾಟಿ ಹೋಯಿತು. ದನಿ ಏರತೊಡಗಿದಂತೆ ಜನರೆಲ್ಲ "ಆತೇನಪಾ" ಎನ್ನಲು ಬಾಯಿ ತೆರೆದು ಕಾದರು. ಪದ ಸರಾಗ ಮುಂದೆ ಹೋಯಿತು. ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು ಮುಗ್ಗರಿಸಿದವರಂತೆ ಇಡೀ ಅಂಗಳ ತಬ್ಬಿಬ್ಬಾಯಿತು. "ಏ, ಸೀನೆಲ್ಲೋ? ನಿಲ್ಲಸಲೇ!" ಎಂದು ಗದ್ದಲವೆದ್ದಿತು.

ಮುಮತಾಜಮ್ಮ ಮಾತ್ರ ಗದ್ದಲ ಮಾಡಲಿಲ್ಲ. ಪಕ್ಕಕ್ಕೆ ತಿರುಗಿ, "ಮಲಕಾರಿ, ನಮ್ಮವರ ನಗು ಎಲ್ಲಿ ಹೋತಪಾ?" ಎಂದು ಕೇಳಿದಳು. "ಹಾಡು ಊರಿಗೆಲ್ಲಾ ಇರಲಿ. ನನಗ ಅದೊಂದ ನಗು ಉಳದಿತ್ತು. ದಿನಾ ಅದನ್ನ ಕೇಳಾಕಂತ ಪದಾ ಹಚ್ಚತಿದ್ದೆ."

ತನ್ನ ಮಾನದ ಚಿಂತೆಯಲ್ಲಿ ಒಬ್ಬ ಮುದುಕಿಯ ಕಿವಿಯಿಂದ ಗಂಡನ ನಗು ಕಸಿದೆನಲ್ಲ ಎಂದು ಮಲಕಾರೆಪ್ಪನಿಗೆ ಅಳು ಬಂತು. "ಫಯಾಜ, ನಿನ್ನ ಮೊಬೈಲದಾಗಿಂದು ಹಚ್ಚಪಾ, ಹಳೇದು!" ಎಂದು ಕೂಗಿದ.

ಹಳೆಯ ಪದ ಬಂತು, ಸೀನೂ ಬಂತು. ಮಾಸ್ತರರು ನಕ್ಕರು, ಊರೂ ನಕ್ಕಿತು, "ಆತೇನಪಾ ಮಲಕಾರಿ?" ಎಂದು ಒಕ್ಕೊರಲಿನಿಂದ ಕೂಗಿತು. ಮುಮತಾಜಮ್ಮ ಕಣ್ಣು ತುಂಬಿಕೊಂಡೇ ನಕ್ಕು, "ನಿನ್ನ ಸೀನು ಇರದಿದ್ರ ಅವರ ನಗು ಉಳೀತಿದ್ದಿಲ್ಲ. ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಅವನ ತಲೆ ಸವರಿದಳು. ಚಪ್ಪಾಳೆಯೋ ಚಪ್ಪಾಳೆ. ಮೊದಲ ಸಾಲಿನಲ್ಲಿ ಶಿವಗೊಂಡಪ್ಪನವರೂ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬೀಗರ ಮನಸ್ಸು ಕರಗಿತು, ಮಗಳ ಮದುವೆ ಆದಂತೆಯೇ ಎಂದು ಮಲಕಾರೆಪ್ಪ ಉಬ್ಬಿಹೋದ. ಇಷ್ಟು ವರ್ಷ ಬೇಡವಾಗಿದ್ದ ಸೀನು ಈಗ ಬಂಗಾರದ ಸೀನಾಗಿ ಕಂಡಿತು. ಮೈಕು ಕಿತ್ತುಕೊಂಡ.

"ಇಷ್ಟ ದಿನಾ ನಾಚಿಕಿಗೆ ಒಪ್ಪಿದ್ದಿಲ್ರಿ. ಸೀನಿದಾಂವ ನಾನ!"

"ಸುಳ್ಳು!"

ಶಿವಗೊಂಡಪ್ಪನವರು ಎದ್ದು ನಿಂತಿದ್ದರು. "ಅವತ್ತ ಇವರ ಬೆನ್ನ ಹಿಂದ ಕುಂತಾಂವ ನಾನು. ಮೂಗಿಗೆ ತಪಕೀರ ಏರಿಸಿದ್ದೆ, ಸೀನು ತಡೀಲಿಲ್ಲ. ಮಾಸ್ತರು ಇವರ ಹೆಸರು ತಗೊಂಡ್ರು, ನಾ ಅಂಜಿ ಬಬಲೇಶ್ವರದ ಹಾದಿ ಹಿಡದೆ. ಮಂದಿ ನಗತಾರಂತ ಬಾಯಿ ಬಿಟ್ಟಿದ್ದಿಲ್ಲ. ಆದ್ರ ನನ್ನ ಸೀನಿಗೆ ಮತ್ತೊಬ್ರು ಹಾರಾ ಹಾಕಿಸ್ಕೊಳ್ಳೂದು ನೋಡಿ ಸುಮ್ನ ಕುಂದ್ರಾಕ ಆಗೂದಿಲ್ರಿ!"

"ಇದಕ್ಕ ಸಾಕ್ಷಿ ಏನೈತಿ?" ಸಂಗಣ್ಣ ಕೇಳಿದ.

ಶಿವಗೊಂಡಪ್ಪನವರು ಗುರುಸಿದ್ದವ್ವನ ಡಬ್ಬಿ ಇಸಿದುಕೊಂಡು ಒಂದು ಚಿಟಿಕೆ ನಶ್ಯ ಏರಿಸಿದರು. ಮುಖ ಮೇಲೆತ್ತಿದರು. "ಆ... ಕ್ಷೀ!" ಅದೇ ಟೈರು, ಅದೇ ಸದ್ದು. ಮುಮತಾಜಮ್ಮ ಎದೆ ಮುಟ್ಟಿಕೊಂಡು, "ಇದ ನೋಡ್ರಿ, ಇದ ಸೀನು!" ಎಂದಳು. ಸಂಗಣ್ಣ ಮಲಕಾರೆಪ್ಪನ ಕೊರಳಿನ ಹಾರ ತೆಗೆದು ಶಿವಗೊಂಡಪ್ಪನವರ ಕೊರಳಿಗೆ ಹಾಕಿದ.

"ಮುಂಜಾನೆ ಕದ್ದು ತಗಸಿದಿ, ಸಂಜೀಕ ಕದ್ದು ಹಾಕ್ಕೊಂಡಿ! ಸೀನುಗಳ್ಳ ಇದ್ದೀಪಾ ನೀ!" ಎಂದು ಗುರುಸಿದ್ದವ್ವ ಮೈಕಿಲ್ಲದೆಯೇ ಊರಿಗೆಲ್ಲ ಕೇಳಿಸಿದಳು.

ಮನೆಯಲ್ಲಿ ಭಾಗ್ಯಾ ತಂದಿಟ್ಟ ಅವಲಕ್ಕಿ ತಿನ್ನುತ್ತ ಶಿವಗೊಂಡಪ್ಪನವರು ಮೊದಲ ಬಾರಿಗೆ ನಕ್ಕರು. "ಹುಡುಗಿ ನಮಗ ಒಪ್ಪಿಗಿ. ಇಷ್ಟ ವರ್ಷ ನನ್ನ ಸೀನು ಹೊತ್ತೀರಿ, ನಿಮ್ಮಂಥಾ ಬೀಗರು ಎಲ್ಲಿ ಸಿಗತಾರ?"

ಮಲಕಾರೆಪ್ಪನಿಗೆ ಹೋದ ಜೀವ ಬಂದಂತಾಯಿತು. ಏನಿದ್ದರೂ ಇನ್ನು ತನ್ನನ್ನು ಯಾರೂ ಸೀನಿನ ಮಲಕಾರಿ ಎನ್ನುವಂತಿಲ್ಲ ಎಂದು ಸಮಾಧಾನಪಟ್ಟುಕೊಂಡು ಬೀಗರನ್ನು ಕಳಿಸಲು ಬಾಗಿಲಿಗೆ ಬಂದ. ಓಣಿಯ ಮಂದಿಯೆಲ್ಲ ಕಟ್ಟೆಗಳ ಮೇಲೆ ಕೂತು ಇದಕ್ಕಾಗಿಯೇ ಕಾದಿದ್ದರು.

"ಆತೇನಪಾ ಸೀನುಗಳ್ಳಾ?" ಎಂದು ಒಂದೇ ದನಿಯಲ್ಲಿ ಕೂಗಿದರು.

ಶಿವಗೊಂಡಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಿಸೆಯಿಂದ ಮೊಬೈಲು ತೆಗೆದು, "ಇನ್ನೊಮ್ಮಿ ಅನ್ರಿ, ಹಿಡಕೋತೀನಿ" ಎಂದರು.