ಹೆಸರು ಕಾಣದ ಕಾರ್ಡು

ಹೊನ್ನಾಳಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವನು ನಗುವುದಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿ ಕುಳಿತರೆ ಸಾಕು. ಗಿರಾಕಿ ಇಲ್ಲದಾಗ ಏನಾದರೂ ಓದುತ್ತಿರುತ್ತೇನೆ, ಗಿರಾಕಿ ಬಂದಾಗ ಕೇಳಿಸಿಕೊಳ್ಳುತ್ತಿರುತ್ತೇನೆ. ಎರಡನೆಯದರಲ್ಲೇ ಲಾಭ ಹೆಚ್ಚು. ಈಚೆಗೆ ಒಂದೇ ಮನೆಯವರು ಒಂದೇ ಕಂಪ್ಯೂಟರಿಗಾಗಿ ಎರಡು ವಾರ ನನ್ನ ಅಂಗಡಿಗೆ ಓಡಾಡಿದರು. ಆ ಎರಡು ವಾರದಲ್ಲಿ ನಾನು ಒಂದು ಪುಟವನ್ನೂ ಓದಲಿಲ್ಲ.

ಪಟ್ಟಿ

ನ್ಯಾಮತಿಯ ಹುಡುಗಿ, ಡಿಗ್ರಿ ಕೊನೆಯ ವರ್ಷ. ಒಂದು ಬೆಳಿಗ್ಗೆ ಬಂದು ಮಡಚಿದ ಹಾಳೆಯೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಗೇಮಿಂಗ್ ಕಂಪ್ಯೂಟರಿಗೆ ಬೇಕಾದ ಬಿಡಿಭಾಗಗಳು ಎಡಗಡೆ, ಅವುಗಳ ಎದುರು ಬಲಗಡೆ ನೆಂಟರು.

"ಇದೇನಮ್ಮಾ?" ಎಂದೆ.

"ಪರೀಕ್ಷೆಲಿ ಫಸ್ಟ್ ಕ್ಲಾಸ್ ಬಂದಿದ್ದಕ್ಕೆ ಎಲ್ಲರೂ ಉಡುಗೊರೆ ಕೊಡ್ತೀವಿ ಅಂದ್ರು ಅಂಕಲ್. ವಾಚು, ಸೀರೆ ಬೇಡ, ಒಬ್ಬೊಬ್ಬರು ಒಂದೊಂದು ಪಾರ್ಟ್ ಕೊಡಿಸಿ ಅಂದೆ."

ಪ್ರೊಸೆಸರ್, ಮದರ್‌ಬೋರ್ಡ್ ಅವಳು ಟ್ಯೂಷನ್ ಹೇಳಿ ದುಡಿದ ದುಡ್ಡಿನದು. ಪರದೆ ಅಪ್ಪನದು. ಹೊರಪೆಟ್ಟಿಗೆ ಚನ್ನಗಿರಿಯ ಚಿಕ್ಕಪ್ಪನದು. ಪವರ್ ಸಪ್ಲೈ ದೊಡ್ಡಪ್ಪನದು. ಮೆಮೊರಿ ಸಾಸ್ವೆಹಳ್ಳಿಯ ಅಜ್ಜಿಯದು. ಗ್ರಾಫಿಕ್ಸ್ ಕಾರ್ಡ್ ಎದುರು ಮಾತ್ರ ಖಾಲಿ.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಆಟದ ಚಿತ್ರಗಳನ್ನು ಪರದೆಯ ಮೇಲೆ ಓಡಿಸುವುದೇ ಆ ಕಾರ್ಡು. ಅದಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಆಟ ತೆವಳುತ್ತದೆ. ಎಲ್ಲಕ್ಕಿಂತ ದುಬಾರಿಯೂ ಅದೇ.

"ಇದಕ್ಕೆ ಯಾರು?"

"ಯಾರಾದ್ರೂ ಸಿಗ್ತಾರೆ ಅಂಕಲ್. ಮುಂದಿನದರ ಮುಂದಿನ ಭಾನುವಾರ ನಾಲ್ಕು ಗಂಟೆಗೆ ನಮ್ಮ ಕಾಲೇಜ್ ತಂಡದ ಆನ್‌ಲೈನ್ ಮ್ಯಾಚ್ ಐತೆ. ಐದು ಜನರಲ್ಲಿ ನಾನೂ ಒಬ್ಬಳು. ಅಷ್ಟರೊಳಗೆ ಆಗಬೇಕು. ಆಗ್ಲಿಲ್ಲ ಅಂದ್ರೆ ನನ್ನ ಜಾಗಕ್ಕೆ ಬೇರೆಯವರನ್ನ ತಗೊಳ್ತಾರೆ."

ನಾನು ಹಾಳೆಯನ್ನು ಇನ್ನೊಮ್ಮೆ ನೋಡಿದೆ. ಎಷ್ಟೋ ಮದುವೆಗಳ ಪಟ್ಟಿ ಇದಕ್ಕಿಂತ ಸರಳವಾಗಿರುತ್ತದೆ. ಅಲ್ಲಿ ಗಂಡು ಯಾರು ಎಂಬುದಾದರೂ ಮೊದಲೇ ಗೊತ್ತಿರುತ್ತದೆ.

ಕರೆಂಟ್ ಹೋದಾಗ

ಮೊದಲು ಬಂದವರು ಚಿಕ್ಕಪ್ಪ. ಚನ್ನಗಿರಿಯಲ್ಲಿ ಶಾಮಿಯಾನ, ಸೀರಿಯಲ್ ಲೈಟಿನ ವ್ಯಾಪಾರ. ಬಂದವರೇ ಎಲ್ಲ ಪೆಟ್ಟಿಗೆಗಳನ್ನೂ ಸಾಲಾಗಿ ಇಡಿಸಿ ಲೈಟು ಹಾಕಿಸಿದರು. ಹುಡುಗಿ ಹಾಳೆಯಲ್ಲಿ ಬರೆದಿದ್ದು ಗಾಳಿ ಚೆನ್ನಾಗಿ ಆಡುವ ಒಂದು ಸಾದಾ ಪೆಟ್ಟಿಗೆ. ಅದನ್ನು ತೋರಿಸಿದೆ.

"ಇದು ಗೋದ್ರೇಜು ಬೀರು ಇದ್ದಂಗೆ ಐತಲ್ರೀ. ಲೈಟೇ ಇಲ್ಲ."

"ಲೈಟಿಗೂ ಆಟಕ್ಕೂ ಸಂಬಂಧ ಇಲ್ಲ."

"ಸಂಬಂಧ ಇಲ್ಲ ಅಂತ ಹೆಂಗಂತೀರಿ? ನಮ್ಮ ಲೈಟಿಲ್ದೆ ಚನ್ನಗಿರಿಯಾಗೆ ಒಂದು ಮದುವೆ ಆಗ್ಲಿ ನೋಡಾನ."

ಪಕ್ಕಕ್ಕೆ ಗಾಜು, ಮುಂದೆ ಬಣ್ಣ ಬದಲಿಸುವ ಮೂರು ಫ್ಯಾನು ಇದ್ದ ಪೆಟ್ಟಿಗೆಯನ್ನು ಆರಿಸಿದರು. ಬಣ್ಣ ಬಲದಿಂದ ಎಡಕ್ಕೆ ಓಡುತ್ತದೆಯೋ ಎಡದಿಂದ ಬಲಕ್ಕೋ ಎಂದು ವಿಚಾರಿಸಿದರು. ಎರಡೂ ಕಡೆ ಓಡುತ್ತದೆ ಎಂದಾಗ ಸ್ವಲ್ಪ ಮಂಕಾದರು. ಅವರ ಸೀರಿಯಲ್ ಸೆಟ್ಟು ಒಂದೇ ಕಡೆ ಓಡುತ್ತದಂತೆ.

ಹೊರಡುವಾಗ ತಿರುಗಿ ನಿಂತು, "ಫ್ಯಾನಿನ ರೆಕ್ಕೆ ಮೇಲೆ ನನ್ನ ಹೆಸರು ಬರೆಸಾಕೆ ಆಗ್ತೈತಾ? ದೇವಸ್ಥಾನದಾಗೆ ಫ್ಯಾನ್ ಕೊಡಿಸಿದೋರದ್ದು ಬರೆಸಿರ್ತಾರಲ್ಲ, ಹಂಗೆ" ಎಂದರು.

"ಅದು ತಿರುಗುತ್ತಿರುತ್ತದೆ. ಹೆಸರು ಯಾರಿಗೂ ಕಾಣುವುದಿಲ್ಲ."

"ದೇವಸ್ಥಾನದಾಗೆ ಮಾತ್ರ ನಿಂತಿರ್ತೈತೇನ್ರೀ? ಕರೆಂಟ್ ಹೋದಾಗ ಓದ್ತಾರೆ ಬಿಡ್ರಿ."

ಚೀಲದ ತಳ

ದೊಡ್ಡಪ್ಪ ನ್ಯಾಮತಿಯಲ್ಲಿ ಅಡಿಕೆ ವ್ಯಾಪಾರಿ. ನಾಲ್ಕು ಪವರ್ ಸಪ್ಲೈಗಳನ್ನು ಮುಂದಿಟ್ಟು, ಯಾವುದು ಎಷ್ಟು ವಾಟ್, ಯಾವುದಕ್ಕೆ ಎಷ್ಟು ವರ್ಷದ ವಾರಂಟಿ ಎಂದು ವಿವರಿಸಲು ಶುರು ಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಒಂದೊಂದನ್ನೇ ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದರು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಈ ಮೂರು ಗೊರಬಲು. ಇದೊಂದು ರಾಶಿ" ಎಂದು ತೂಕದ್ದನ್ನು ಮುಂದೆ ತಳ್ಳಿದರು. ಗೊರಬಲು ಎಂದರೆ ಮಾರುಕಟ್ಟೆಯಲ್ಲಿ ಕೆಳದರ್ಜೆಯ ಅಡಿಕೆ, ರಾಶಿ ಎಂದರೆ ಮೇಲ್ದರ್ಜೆಯದು.

ನನಗೆ ಒಳಗೊಳಗೇ ನಗು ಬಂತು. ಆಮೇಲೆ ಹಾಳೆಯನ್ನು ನೋಡಿದರೆ, ಹುಡುಗಿ ನಾಲ್ಕು ದಿನ ಕೂತು ಹುಡುಕಿ ಬರೆದದ್ದೂ ಅದೇ. ಒಳಗಿನ ತಾಮ್ರ, ಕಬ್ಬಿಣ ಸರಿಯಾಗಿದ್ದರೆ ತೂಕ ಬರಲೇಬೇಕು. ಇಪ್ಪತ್ತು ವರ್ಷ ಈ ಕಸುಬಿನಲ್ಲಿದ್ದೂ ನಾನು ಒಂದು ದಿನವೂ ಕೈಯಲ್ಲಿ ತೂಗಿ ನೋಡಿದವನಲ್ಲ.

ಸರಿ ಎಂದು ಪ್ಯಾಕ್ ಮಾಡಲು ಹೋದೆ. ಕೈ ಹಿಡಿದು ನಿಲ್ಲಿಸಿದರು.

"ಇದು ಬೇಡ. ಒಳಗೆ ಸ್ಟಾಕ್ ಇರ್ತೈತಲ್ಲ, ತಳದಾಗಿಂದು ತೆಗೀರಿ."

"ಎಲ್ಲಾ ಒಂದೇ ಕಂಪನಿಯದು, ಸೀಲ್ ಆಗಿ ಬಂದದ್ದು."

"ಇರ್ಲಿ ತೆಗೀರಿ. ಚೀಲದ ಬಾಯಿಗೆ ಒಳ್ಳೇದು ಇಟ್ಟು ತೋರಿಸೋದು ನಮಗೆ ಗೊತ್ತಿಲ್ದೇ ಇರೋದೇನ್ರೀ? ನಾವು ದಿನಾ ಮಾಡೋದು ಅದನ್ನೇ."

ಜೋಡಿ

ಸಾಸ್ವೆಹಳ್ಳಿಯ ಅಜ್ಜಿ ಮೊಮ್ಮಗಳ ಜೊತೆ ಬಸ್ಸಿನಲ್ಲಿ ಬಂದರು. ಮೆಮೊರಿ ಎಂದರೆ ಬೆರಳುದ್ದದ ಪಟ್ಟಿ. ಹದಿನಾರು ಜಿಬಿಯದು ಒಂದು ಹಾಕಬಹುದು, ಅಥವಾ ಎಂಟು ಜಿಬಿಯದು ಎರಡು. ಎರಡು ಹಾಕಿದರೆ ವೇಗ ಹೆಚ್ಚು, ದುಡ್ಡೂ ಸ್ವಲ್ಪ ಹೆಚ್ಚು. ಇದನ್ನು ಅಜ್ಜಿಗೆ ಹೇಗೆ ತಿಳಿಸುವುದೆಂದು ಹುಡುಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಅಜ್ಜಿಯೇ ಕೇಳಿದರು: "ಒಂದೇ ಕೊಡ್ತೀಯೇನಪ್ಪ?"

"ಒಂದೂ ಆಗುತ್ತದೆ, ಎರಡೂ ಆಗುತ್ತದೆ."

"ಹೆಣ್ಣುಮಗಳಿಗೆ ಕೊಡೋದು, ಒಂಟಿ ಕೊಟ್ಟಾರಾ ಯಾರಾದ್ರೂ? ಜೋಡಿ ಕೊಡು."

ಹುಡುಗಿ ಉಸಿರು ಬಿಟ್ಟಳು. ಅಜ್ಜಿ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಅಂಚಿನಲ್ಲಿದ್ದ ಬಂಗಾರದ ಬಣ್ಣ ನೋಡಿ ಸಮಾಧಾನಪಟ್ಟು, "ಇದೇನು ಕೆಲಸ ಮಾಡ್ತೈತಪ್ಪ?" ಎಂದರು.

"ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ ಅಜ್ಜೀ. ಆದರೆ ಯಂತ್ರ ಆಫ್ ಮಾಡಿದ ತಕ್ಷಣ ಮರೆತುಬಿಡುತ್ತದೆ."

ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. "ನಿಮ್ಮ ತಾತನೂ ಹಿಂಗೇ ಕಣೇ. ಸಂತೆಗೆ ಏನು ತರಬೇಕು ಅಂತ ರಾತ್ರಿ ಎಲ್ಲಾ ಹೇಳೋರು. ಮಲಗಿ ಎದ್ರೆ ಚೀಲ ಎಲ್ಲೈತೆ ಅಂತ ನನ್ನೇ ಕೇಳೋರು. ಅವರನ್ನೂ ನಾನು ಜೋಡಿಲೇ ತಗೊಂಡಿದ್ರೆ ಚೆನ್ನಾಗಿತ್ತು."

ಖಾಲಿ ಜಾಗ

ಕಾರ್ಡಿಗೆ ಮಾತ್ರ ಯಾರೂ ಸಿಗಲಿಲ್ಲ. ಚಿಕ್ಕಪ್ಪ ಲೈಟಿಗೆಂದು ಹೇಳಿದ್ದಕ್ಕಿಂತ ಹೆಚ್ಚು ಸುರಿದಿದ್ದರು; ಮೇಲಾಗಿ ಕಾರ್ಡು ಪೆಟ್ಟಿಗೆಯೊಳಗೆ ಬೋರಲು ಮಲಗುತ್ತದೆ ಎಂದು ತಿಳಿದ ಮೇಲೆ, "ಹೆಸರು ಹಾಕ್ಸಿದ್ರೆ ಹಲ್ಲಿ ಓದಬೇಕು" ಎಂದರಂತೆ. ದೊಡ್ಡಪ್ಪ ಅದನ್ನೂ ಕೈಯಲ್ಲಿ ತೂಗಿ, "ಇಷ್ಟು ತೂಕಕ್ಕೆ ಇಷ್ಟು ರೇಟಾ?" ಎಂದು ವಾಪಸ್ ಇಟ್ಟರು. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಪರದೆ ಕೊಡ್ಸಿದೀನಿ. ಅದರಾಗೆ ಏನು ಕಾಣಬೇಕು ಅನ್ನೋದು ನಿನಗೆ ಬಿಟ್ಟಿದ್ದು."

ಉಳಿದವರು ಜಗಳೂರು ಕಡೆಯ ಸೊಕ್ಕೆಯ ಅತ್ತೆ, ಮಾವ. ಅಪ್ಪನ ತಂಗಿ ಮತ್ತು ಅವರ ಯಜಮಾನರು.

"ಮಾವನ್ನ ಕೇಳಲಿಲ್ವೇ?" ಎಂದೆ.

"ಅವರು ಬಸ್ಸಿನಾಗೆ ಕೂಡ ಕಂಡಕ್ಟರ್ ಹತ್ರ ಚೌಕಾಸಿ ಮಾಡ್ತಾರೆ ಅಂಕಲ್. 'ಭಾನುವಾರ ಬಂದು ನೋಡ್ತೀನಿ, ಬರಿಗೈಲಿ ಬರಲ್ಲ' ಅಂದಿದ್ದಾರೆ. ಮೆಕ್ಕೆಜೋಳ ತರ್ತಾರೆ ಅನ್ಸುತ್ತೆ."

ನಗುತ್ತಲೇ ಹೇಳಿದಳು. ಆದರೆ ಹೋಗುವಾಗ ಗಾಜಿನ ಕಪಾಟಿನಲ್ಲಿದ್ದ ಕಾರ್ಡನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಇಬ್ಬರು ಗಿರಾಕಿಗಳು ಅದನ್ನು ಕೇಳಿದರು. ಮಾತಾಗಿದೆ ಎಂದು ಸುಳ್ಳು ಹೇಳಿದೆ. ಭಾನುವಾರ ಯಂತ್ರ ಜೋಡಿಸಲು ನ್ಯಾಮತಿಗೆ ಹೊರಟಾಗ ಅದನ್ನೂ ಚೀಲದಲ್ಲಿ ಹಾಕಿಕೊಂಡೆ. ಹೋಗುವಾಗ ಕಾರ್ಡಿನ ತೂಕವೆಷ್ಟು ಎಂದು ಮೊದಲ ಬಾರಿಗೆ ನನಗೂ ಗೊತ್ತಾಯಿತು.

ಹೊಲ

ಮನೆಯ ತುಂಬ ಜನ. ಬಂದವರೆಲ್ಲ ತಾವು ಕೊಡಿಸಿದ್ದು ಯಾವುದೆಂದು ಬೆರಳಿಟ್ಟು ತೋರಿಸುತ್ತಿದ್ದರು. ಪೂಜೆಯಾಯಿತು. ಕಾಯಿಯನ್ನು ಯಂತ್ರದ ಮುಂದೆಯೇ ಒಡೆಯಲು ಹೊರಟಿದ್ದ ದೊಡ್ಡಪ್ಪನನ್ನು ಭುಜ ಹಿಡಿದು ಬಾಗಿಲಾಚೆ ಕಳಿಸಿದೆ. ಗುಂಡಿ ಒತ್ತಿದಾಗ ಮೂರು ಫ್ಯಾನೂ ಬಣ್ಣ ಬಿಟ್ಟವು. ಚಿಕ್ಕಪ್ಪನಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಹುಡುಗಿ ತನ್ನ ಆಟ ತೆರೆದಳು. ಪ್ರೊಸೆಸರ್‌ನಲ್ಲಿಯೇ ಚಿತ್ರ ತೋರಿಸುವ ಅಲ್ಪಸ್ವಲ್ಪ ಶಕ್ತಿ ಇರುತ್ತದೆ. ಅದರ ಮೇಲೆ ಆಟ ಕುಂಟಿತು. ಪರದೆಯೊಳಗೆ ಒಂದು ಹೆಜ್ಜೆ ಇಟ್ಟವನು ಎರಡನೆಯದನ್ನು ಇಡಲು ಮುಹೂರ್ತ ನೋಡುತ್ತಿದ್ದಂತಿತ್ತು. ಅವಳು ಎದ್ದು ಹೋಗಿ ನೀರು ಕುಡಿದು ಬಂದು ನಿಂತಳು. ಆಗ ಗಂಟೆ ಹನ್ನೊಂದೂವರೆ.

ಆಗಲೇ ಸೊಕ್ಕೆಯ ಮಾವ ಒಳಗೆ ಬಂದರು. ಹೆಗಲ ಮೇಲೆ ಮೆಕ್ಕೆಜೋಳದ ಚೀಲವೇ ಇತ್ತು. ಬೆವರು ಒರೆಸಿಕೊಂಡು, "ಎಲ್ಲೈತಿ ಯಂತ್ರ? ನನಗೂ ಒಂಚೂರು ತೋರ್ಸವ್ವ" ಎಂದು ಕುರ್ಚಿಯಲ್ಲಿ ಕುಳಿತೇಬಿಟ್ಟರು.

ಯಂತ್ರಗಳ ಪರೀಕ್ಷೆಗೆಂದು ನಾನು ಹಾಕುವ ಆಟವೊಂದಿದೆ: ಟ್ರ್ಯಾಕ್ಟರಿನಲ್ಲಿ ಹೊಲ ಉಳುವುದು. ನಮ್ಮ ಕಡೆಯವರಿಗೆ ವಿವರಣೆ ಬೇಕಾಗುವುದಿಲ್ಲ. ಅದನ್ನೇ ಹಾಕಿಕೊಟ್ಟೆ. ಟ್ರ್ಯಾಕ್ಟರು ಎರಡಡಿ ಹೋಗಿ ನಿಂತಿತು. ಮತ್ತೆ ಎರಡಡಿ. ಮತ್ತೆ ನಿಂತಿತು.

"ಗಾಡಿ ಎಳೀತಿಲ್ಲಲ್ಲ" ಎಂದರು ಮಾವ.

"ಗಾಡಿ ಸರಿ ಐತೆ ಮಾವ. ಒಳಗೆ ಎಳೆಯೋ ಕಾರ್ಡು ಹಾಕಿಲ್ಲ" ಎಂದಳು ಹುಡುಗಿ.

"ಯಾಕೆ?"

"ಅದನ್ನ ಯಾರೂ ಕೊಡಿಸಲಿಲ್ಲ."

ಮಾವ ಕುರ್ಚಿಯನ್ನು ತಿರುಗಿಸಿ ಮನೆಯವರನ್ನೆಲ್ಲ ಒಮ್ಮೆ ನೋಡಿದರು. "ಏನ್ ಜನರಪ್ಪ ನೀವು! ಒಬ್ಬ ಲೈಟ್ ಕೊಡ್ಸಿದ, ಒಬ್ಬ ಬ್ಯಾಟ್ರಿ ಕೊಡ್ಸಿದ, ಎಲ್ಲಾ ಸೇರಿ ಹೂವಿನ ಹಾರ ಹಾಕಿದ್ರಿ. ಇಂಜಿನ್ ಇಲ್ದಿರೋ ಗಾಡಿಗೆ ಕಾಯಿ ಒಡೆದಿದೀರಲ್ಲ, ನಾಚಿಕೆ ಆಗಲ್ವಾ?"

ನಾನು ಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಮಾವ ಬೆಲೆ ಕೇಳಿದರು. ಹೇಳಿದೆ. ಅವರು ಪರದೆಯ ಮೇಲೆ ನಿಂತಿದ್ದ ಟ್ರ್ಯಾಕ್ಟರನ್ನು ನೋಡಿದರು. ಚೌಕಾಸಿ ಮಾಡದೆ ಒಳಜೇಬಿಗೆ ಕೈ ಹಾಕಿದರು. ಜೊತೆಗೆ ಬಂದಿದ್ದ ಅತ್ತೆ ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದರು.

"ಜ್ವರ ಏನಿಲ್ಲ ಕಣೇ. ಹದ ಬಂದಿರೋ ಹೊಲದಾಗೆ ಗಾಡಿ ನಿಂತ್ರೆ ನೋಡ್ಕೊಂಡು ಕೂರಾಕೆ ಆಗ್ತೈತಾ?"

ಒಂದು ಗಂಟೆಗೆ ಕಾರ್ಡು ಕುಳಿತಿತು. ಟ್ರ್ಯಾಕ್ಟರು ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಮೊದಲು ತಾವೇ ಓಡಿಸಿ ನೋಡುವುದಾಗಿ ಹೇಳಿ ಕುಳಿತ ಮಾವ ಎರಡಾದರೂ ಏಳಲಿಲ್ಲ. ಸಾಲು ನೆಟ್ಟಗೆ ಹೊಡೆಯುತ್ತಿದ್ದರು. ಅಂಚಿಗೆ ಬಂದಾಗ ನಿಧಾನ ಮಾಡಿ, ಒಂದು ಗೇಣು ಬಿಟ್ಟು ತಿರುಗಿಸುತ್ತಿದ್ದರು.

"ಆ ಕಡೆನೂ ಹೊಡಿಬಹುದು ಮಾವ" ಎಂದಳು ಹುಡುಗಿ.

"ಬದು ಮುರಿದ್ರೆ ಪಕ್ಕದೋನು ಸುಮ್ನಿರ್ತಾನಾ?"

"ಪಕ್ಕದ ಹೊಲಕ್ಕೆ ಯಾರೂ ಇಲ್ಲ ಮಾವ, ಅದು ಆಟ."

"ಹೊಲ ಅಂದ್ಮೇಲೆ ಯಾರದ್ದಾದ್ರೂ ಇರಲೇಬೇಕು. ಉತ್ತ ಮೇಲೆ ಬರ್ತಾನೆ ನೋಡು."

ಊಟಕ್ಕೆ ಕರೆದರು, ಏಳಲಿಲ್ಲ. ಮೂರೂವರೆಯಾಯಿತು. ತಂಡದವರ ಫೋನು ಮೇಲಿಂದ ಮೇಲೆ ಬರತೊಡಗಿತು. ಕಾರ್ಡು ಕೊಡಿಸಿದವರನ್ನು ಏಳಿ ಎನ್ನಲು ಹುಡುಗಿಗೆ ಬಾಯಿ ಬರದು. ಅಪ್ಪ ಒಮ್ಮೆ ಕೆಮ್ಮಿದರು. ಕೊನೆಗೆ ಅತ್ತೆಯೇ, "ಮಗುಗೆ ಮ್ಯಾಚ್ ಐತಂತೆ, ಏಳ್ರೀ" ಎಂದರು.

"ಅರ್ಧ ಹೊಲ ಬಿಟ್ಟು ಹೆಂಗೆ ಏಳಾದು? ಹೊತ್ತು ಇನ್ನೂ ನೆತ್ತಿ ಮೇಲೈತೆ" ಎಂದು ಮಾವ ಪರದೆಯಲ್ಲಿನ ಸೂರ್ಯನನ್ನು ತೋರಿಸಿದರು.

ಹುಡುಗಿ ಆ ಸೂರ್ಯನನ್ನು ನೋಡಿದಳು. ನಾಲ್ಕಕ್ಕೆ ಇನ್ನು ಹತ್ತು ನಿಮಿಷ. ಆ ಆಟದಲ್ಲಿ ಹೊತ್ತನ್ನು ಬೇಗ ಓಡಿಸುವ ಗುಂಡಿಯೊಂದಿದೆ. ಮಾವನ ಹೆಗಲ ಮೇಲಿಂದ ಬಗ್ಗಿ ಅದನ್ನು ಒತ್ತಿ ಹಿಡಿದಳು. ಸೂರ್ಯ ಜಾರಿದ, ಆಕಾಶ ಕೆಂಪಾಯಿತು, ಹೊಲದ ಮೇಲೆ ಕತ್ತಲು ಬಿತ್ತು.

ಮಾವ ಟ್ರ್ಯಾಕ್ಟರು ನಿಲ್ಲಿಸಿದರು. ಎದ್ದು ಮೈಮುರಿದರು. ಟವೆಲ್ಲಿನಿಂದ ಬಟ್ಟೆಯ ಮೇಲಿನ ಧೂಳು ಕೊಡವಿದರು. ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು, "ರಾತ್ರಿಗೆ ಮುದ್ದೆ ಬೇಡ ಕಣೇ, ಒಂದು ರೊಟ್ಟಿ ಸಾಕು" ಎಂದು ಎಲೆಯ ಮುಂದೆ ಕುಳಿತರು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಹುಡುಗಿ ಎರಡು ನಿಮಿಷ ಬಾಕಿ ಇರುವಾಗ ತಂಡಕ್ಕೆ ಸೇರಿಕೊಂಡಳು. ನಾವೆಲ್ಲ ಅವಳ ಹಿಂದೆ ಗುಂಪುಗಟ್ಟಿ ನಿಂತೆವು. ಅವಳ ಕೈ ಓಡಿದಲ್ಲಿಗೆ ಚಿತ್ರ ಓಡಿತು, ಎಲ್ಲೂ ಕುಂಟಲಿಲ್ಲ. ಊಟ ಮುಗಿಸಿದ ಮಾವ ಟವೆಲ್ಲಿಗೆ ಕೈ ಒರೆಸುತ್ತ ಬಂದು ಇಣುಕಿದರು. ಪರದೆಯಲ್ಲಿ ಜನ ಬಂದೂಕು ಹಿಡಿದು ಅತ್ತಿಂದಿತ್ತ ಓಡುತ್ತಿದ್ದರು. ಬಹಳ ಹೊತ್ತು ನೋಡಿದರು.

ಅವಳ ತಂಡ ಗೆದ್ದಿತು. ಎಲ್ಲರೂ ಕೂಗಿದೆವು. ಅಜ್ಜಿ ದೃಷ್ಟಿ ತೆಗೆದರು. ಗದ್ದಲ ಇಳಿದ ಮೇಲೆ ಮಾವ ಅವಳ ತಲೆ ಸವರಿ ಮೆಲ್ಲಗೆ ಹೇಳಿದರು:

"ಇಷ್ಟು ಜನ ಗಟ್ಟಿಮುಟ್ಟಾಗಿದ್ದಾರೆ, ಒಬ್ಬನಿಗೂ ಕೆಲಸ ಇಲ್ಲ. ನಾಳೆ ನಮ್ಮ ಬಿತ್ತನೆ ಐತೆ. ಒಂದು ನಾಲ್ಕು ಆಳು ನಾನು ಉತ್ತಿರೋ ಹೊಲದ ಕಡೆ ಕಳಿಸವ್ವ."